ಹೊಸದು ಕೊಡಲು ಒಪ್ಪದ ಹಾಲಮ್ಮ

ಹಾಲಮ್ಮನವರ ತುರುಬಿನಲ್ಲಿ ಹೂವಿನ ಜೊತೆಗೆ ಒಂದು ಸ್ಕ್ರೂಡ್ರೈವರ್ ಇರುತ್ತಿತ್ತು. ಹಳದಿ ಹಿಡಿಯ, ಬೆರಳುದ್ದದ ಸಣ್ಣ ಸ್ಕ್ರೂಡ್ರೈವರ್. ಕೆಲಸ ಮಾಡುವಾಗ ಅವರ ಕೈ ತಲೆಯ ಹಿಂದಕ್ಕೆ ಹೋಗಿ ಅದನ್ನು ಎಳೆದುಕೊಳ್ಳುತ್ತಿತ್ತು. ಸ್ಕ್ರೂ ಬಿಚ್ಚಿದ ಮೇಲೆ ಅದು ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಒಮ್ಮೆ ಮದುವೆ ಮನೆಗೂ ಹಾಗೇ ಬಂದು, ಊಟದ ಪಂಕ್ತಿಯಲ್ಲಿ ಪಕ್ಕದವರು ಕಿವಿಯಲ್ಲಿ ಹೇಳಿದ ಮೇಲೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಅವರ ಅಂಗಡಿ ಚನ್ನಗಿರಿಯಲ್ಲಿ ಅಡಿಕೆ ಮಂಡಿಗಳ ಕಡೆ ಹೋಗುವ ರಸ್ತೆಯಲ್ಲಿತ್ತು. ಒಂದು ಕಡೆ ಗೊಬ್ಬರದ ಅಂಗಡಿ, ಇನ್ನೊಂದು ಕಡೆ ಟೈಲರ್. ಬೋರ್ಡಿನ ಮೇಲೆ 'ಕಂಪ್ಯೂಟರ್ ರಿಪೇರಿ' ಎಂದಷ್ಟೇ ಬರೆಸಿದ್ದರು. ಹೊಸ ಗಿರಾಕಿ ಬಂದರೆ ಮೊದಲು ಒಳಗೆಲ್ಲ ಕಣ್ಣಾಡಿಸಿ, "ರಿಪೇರಿ ಮಾಡೋರು ಇಲ್ವೇನಮ್ಮಾ?" ಎಂದು ಕೇಳುತ್ತಿದ್ದ. ಹಾಲಮ್ಮನವರು ತಲೆಯೆತ್ತದೆ, "ಊಟಕ್ಕೆ ಹೋಗ್ಯಾರೆ. ಅವರು ಬರೋದ್ರೊಳಗೆ ನಾನೇ ಮಾಡಿ ಕೊಡ್ತೀನಿ, ಕೂತ್ಕಳ್ರಿ" ಎನ್ನುತ್ತಿದ್ದರು. ಕೆಲಸ ಮುಗಿದು, ಮಷೀನು ಶುರುವಾಗಿ, ದುಡ್ಡು ಕೊಟ್ಟ ಮೇಲೂ ಕೆಲವರು ಆ ಊಟಕ್ಕೆ ಹೋದವರಿಗಾಗಿ ಬಾಗಿಲ ಕಡೆ ನೋಡುತ್ತಾ ನಿಂತಿರುತ್ತಿದ್ದರು.

ಅವರ ತವರು ಸಾಸ್ವೆಹಳ್ಳಿ. ಅಪ್ಪ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಕೆಲಸ ಮಾಡುತ್ತಿದ್ದವರು. ಇಬ್ಬರು ಗಂಡುಮಕ್ಕಳಿದ್ದರೂ ಪಕ್ಕದಲ್ಲಿ ಕೂರಿಸಿಕೊಂಡದ್ದು ಮಗಳನ್ನೇ. ಅವಳ ಬೆರಳು ಸಣ್ಣವು, ಮೋಟಾರಿನ ಸಂದಿಯೊಳಗೆ ಸಲೀಸಾಗಿ ಹೋಗುತ್ತಿದ್ದವು. ಹೀಗೆ ಶಾಲೆ ಬಿಡುವ ಹೊತ್ತಿಗೆ ಅವರಿಗೆ ತಾಮ್ರದ ತಂತಿಯ ವಿದ್ಯೆ ಪೂರ್ತಿ ಬಂದಿತ್ತು. ಮದುವೆಯಾಗಿ ಚನ್ನಗಿರಿಗೆ ಬಂದರು. ಗಂಡ ಚಂದ್ರಪ್ಪ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತೆ; ಮಾತು ಕಡಿಮೆ, ನಗು ಜಾಸ್ತಿ. ಒಂದು ದಿನ ಮಂಡಿಯ ಕಂಪ್ಯೂಟರ್ ನಿಂತುಹೋಯಿತು. ದಾವಣಗೆರೆಯಿಂದ ರಿಪೇರಿಯವರು ಬರಲು ಎರಡು ದಿನವಾಗುತ್ತದೆ ಎಂದರು. ಗಂಡನಿಗೆ ಬುತ್ತಿ ತಂದಿದ್ದ ಹಾಲಮ್ಮ, "ಬಿಚ್ಚಿ ನೋಡ್ಲಾ?" ಎಂದು ಕೇಳಿದರಂತೆ. ಒಳಗೆ ಅಡಿಕೆಯ ಧೂಳು ಬೆರಳು ದಪ್ಪ ಕೂತಿತ್ತು. ಬಣ್ಣ ಬಳಿಯುವ ಬ್ರಷ್ಷು ತರಿಸಿ ಗುಡಿಸಿದರು. ಮಷೀನು ಶುರುವಾಯಿತು. ಆಮೇಲೆ ಊರಿನ ಮಂಡಿಗಳವರೆಲ್ಲ ಅವರನ್ನು ಕರೆಯತೊಡಗಿದರು. "ಮಂಡಿ ಕಂಪ್ಯೂಟರ್ ಅಂದ್ರೆ ಎಮ್ಮೆ ಇದ್ದಂಗೆ. ಆಗಾಗ ಮೈ ತೊಳೀಬೇಕು" ಎಂದು ಅವರು ಹೇಳುವುದಿತ್ತು. ಉಳಿದ ವಿದ್ಯೆಯನ್ನೆಲ್ಲ ಫೋನಿನಲ್ಲಿ ವಿಡಿಯೊ ನೋಡಿ, ಸತ್ತ ಮಷೀನುಗಳನ್ನು ಬಿಚ್ಚಿ ಕಲಿತರು.

ಅಂಗಡಿಯವರಾದರೂ ಹೊಸ ಕಂಪ್ಯೂಟರ್ ಮಾರುವುದೆಂದರೆ ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಯಾರಾದರೂ ಬಂದು "ಹಳೇದಾತು, ಹೊಸದು ಕಟ್ಟಿಕೊಡಿ" ಎಂದರೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟು ಕಳಿಸುತ್ತಿದ್ದರು. "ಒಂದು ವಾರ ಬರ್ಕಂಡು ಬರ್ರಿ. ಯಾವಾಗ ಕೈಕೊಟ್ಟಿತು, ಆಗ ಏನು ಮಾಡ್ತಿದ್ರಿ, ಎಷ್ಟು ಹೊತ್ತು ಕಾದ್ರಿ, ಅಷ್ಟೇ. ಬೈಗುಳ ಬರೀಬ್ಯಾಡ್ರಿ, ಜಾಗ ದಂಡ." ಅರ್ಧ ಜನ ನೋಟ್‌ಬುಕ್ ನೋಡಿಯೇ ಸಿಟ್ಟಾಗಿ ದಾವಣಗೆರೆಗೆ ಹೋಗಿ ಕೊಂಡು ತರುತ್ತಿದ್ದರು. ನ್ಯಾಮತಿಯ ಸ್ಟುಡಿಯೊದವನೊಬ್ಬ ಮದುವೆ ವಿಡಿಯೊ ಕೆಲಸಕ್ಕೆ ಹೊಸದೇ ಬೇಕು ಎಂದು ಹಠ ಹಿಡಿದು ಕೂತಿದ್ದ. ಹಾಲಮ್ಮನವರು ಅವನ ಮಷೀನು ಬಿಚ್ಚಿ, ರ‍್ಯಾಮ್ ಪಟ್ಟಿಗಳನ್ನು ಹೊರಗೆಳೆದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅವುಗಳ ಅಂಚನ್ನು ಉಜ್ಜಿ ಮತ್ತೆ ಕೂರಿಸಿದರು. ಮಷೀನು ಸರಿಯಾಯಿತು. ಅವನಿಗೆ ಸಂತೋಷವಾಗಲಿಲ್ಲ. ಮನೆಯಲ್ಲಿ ಹೊಸದು ತರುತ್ತೇನೆಂದು ಹೇಳಿ ಬಂದಿದ್ದನಂತೆ.

ಹಳೆಯದೋ ಹೊಸದೋ ಎಂದು ತೀರ್ಮಾನಿಸಲು ಅವರದ್ದೊಂದು ಸೂತ್ರವಿತ್ತು. "ಒಂದು ಸಾಮಾನು ಬದ್ಲಿಸಿದ್ರೆ ಕೆಲಸ ಆಗ್ತೈತೆ ಅಂದ್ರೆ ಹಳೇದೇ ಇರ್ಲಿ. ಒಂದನ್ನ ಹಾಕಾಕೆ ಇನ್ನೊಂದು ಬದ್ಲಿಸ್ಬೇಕು, ಅದಕ್ಕೋಸ್ಕರ ಮತ್ತೊಂದು ಅಂತ ಶುರುವಾತು ನೋಡ್ರಿ, ಅಲ್ಲಿಗೆ ನಿಲ್ಲಿಸಿ ಹೊಸದು ಕಟ್ಟಬೇಕು." ಗಣಿತದ ಮೇಷ್ಟ್ರಾದ ನನಗೆ ಈ ಮಾತು ಬಹಳ ಹಿಡಿಸಿತ್ತು.

ನಾನು ತ್ಯಾವಣಿಗೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುವವನು. ಮನೆ ಚನ್ನಗಿರಿಯಲ್ಲಿ. ತರಗತಿಯಲ್ಲಿ ಮೊಬೈಲ್ ಆಟದ ಕೆಡುಕಿನ ಬಗ್ಗೆ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಬುದ್ಧಿ ಹೇಳುತ್ತೇನೆ. ಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಬಂದೂಕಿನ ಆಟ ಆಡುತ್ತೇನೆ. ಇದು ನನ್ನ ಹೆಂಡತಿಗೆ, ಅಪ್ಪನಿಗೆ ಮತ್ತು ಹಾಲಮ್ಮನವರಿಗೆ ಮಾತ್ರ ಗೊತ್ತಿತ್ತು. ಆಟಕ್ಕೆಂದೇ ಮದುವೆಗೆ ಮೊದಲು ಕಟ್ಟಿಸಿದ್ದ ಆ ಕಂಪ್ಯೂಟರಿಗೆ ಎಂಟು ವರ್ಷವಾಗಿತ್ತು. ಹೊಸ ಆಟಗಳನ್ನು ಅದು ತೆರೆಯುತ್ತಲೇ ಇರಲಿಲ್ಲ. ತೆರೆದರೂ ಶತ್ರು ಕಾಣುವ ಹೊತ್ತಿಗೆ ನಾನು ಸತ್ತಿರುತ್ತಿದ್ದೆ.

ಆದರೆ ನಾನು ಹಾಲಮ್ಮನವರ ಹತ್ತಿರ ಹೋದಾಗ ಹೇಳಿದ್ದು ಅಪ್ಪನ ವಿಷಯ.

ನಮ್ಮಪ್ಪ ಶಿವಲಿಂಗಪ್ಪ ಹೊನ್ನಾಳಿಗೂ ಚನ್ನಗಿರಿಗೂ ನಡುವೆ ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿದವರು. ಲಕ್ವ ಹೊಡೆದು ಎಡಗೈ, ಎಡಗಾಲು ಸೋತವು. ಕಾಲು ನಿಧಾನವಾಗಿ ಸುಧಾರಿಸಿತು. ಕೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಮಲಗಿರುತ್ತಿತ್ತು. ಕೈಗೆ ಕೆಲಸ ಕೊಡಿ ಎಂದು ವ್ಯಾಯಾಮ ಹೇಳಿಕೊಡುವವರು ಮೆತ್ತನೆಯ ರಬ್ಬರ್ ಚೆಂಡು ಕೊಟ್ಟರು. ಅಪ್ಪ ಅದನ್ನು ಬಲಗೈಯಿಂದ ಎತ್ತಿ ಅಂಗಳಕ್ಕೆ ಎಸೆದರು. ಆಮೇಲೆ ನಾನು ಎಲ್ಲಿಂದಲೋ ಒಂದು ಹಳೆಯ ಸ್ಟಿಯರಿಂಗ್ ಮತ್ತು ಪೆಡಲುಗಳನ್ನು ತಂದು ಕಂಪ್ಯೂಟರಿಗೆ ಜೋಡಿಸಿ, ಬಸ್ಸು ಓಡಿಸುವ ಆಟ ಹಾಕಿಕೊಟ್ಟೆ. "ನನ್ನ ಏನು ಚಿಕ್ಕ ಹುಡುಗ ಅಂತ ತಿಳ್ಕಂಡಿಯಾ?" ಎಂದು ಎರಡು ದಿನ ಅದರ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ದಿನ ನಾನು ಶಾಲೆಯಿಂದ ಬಂದಾಗ ಪರದೇಶದ ಯಾವುದೋ ರಸ್ತೆಯಲ್ಲಿ ಬಸ್ಸು ಹೋಗುತ್ತಿತ್ತು. ಅಪ್ಪ, "ಸಾಸ್ವೆಹಳ್ಳಿ, ಸಾಸ್ವೆಹಳ್ಳಿ, ಇಳಿಯೋರು ಮುಂದೆ ಬರ್ರಿ" ಎನ್ನುತ್ತಿದ್ದರು. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇದ್ದವು. ಎಡಗೈ ಸುಮ್ಮನೆ ಅಂಟಿಕೊಂಡಿತ್ತು, ಅಷ್ಟೇ. ಆದರೂ ಇತ್ತು.

ಕೆಲವು ತಿಂಗಳಲ್ಲಿ ಅಪ್ಪ ದೂರು ಹೇಳಲು ಶುರುಮಾಡಿದರು. "ಬ್ರೇಕು ತಡ ಹಿಡಿತೈತೆ" ಎನ್ನುವರು. ಬೇಸತ್ತು ಎದ್ದು ಹೋಗುವುದು ಹೆಚ್ಚಾಯಿತು. ಇದೇ ಸಮಯವೆಂದು ನಾನು ಹಾಲಮ್ಮನವರ ಅಂಗಡಿಗೆ ಹೋಗಿ, "ಅಕ್ಕ, ಅಪ್ಪನಿಗೋಸ್ಕರ ಹೊಸದು ಕಟ್ಟಬೇಕು" ಎಂದೆ. ಯಾವ ಪ್ರೊಸೆಸರ್, ಆಟದ ಚಿತ್ರ ಮೂಡಿಸುವ ಯಾವ ಗ್ರಾಫಿಕ್ಸ್ ಕಾರ್ಡ್ ಎಂದು ಪಟ್ಟಿಯನ್ನೂ ಬರೆದುಕೊಂಡು ಹೋಗಿದ್ದೆ. ಅವರು ಪಟ್ಟಿ ಓದಿ ಮಡಚಿ ಮೇಜಿನ ಮೇಲಿಟ್ಟು, ನೋಟ್‌ಬುಕ್ ಕೊಟ್ಟರು.

ವಾರ ಕಳೆದು ಒಯ್ದು ಕೊಟ್ಟೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು.

"ಮೇಷ್ಟ್ರೇ, ಇಲ್ಲಿ ಹದಿನೇಳು ಸಲ ಕೈಕೊಟ್ಟೈತೆ. ಹದಿನಾರು ಸಲ ಬಂದೂಕಿನ ಆಟ. ಅಪ್ಪಾಜಿದು ಒಂದೇ. 'ಬ್ರೇಕ್ ತಡ' ಅಂತ."

"ಅವರು ದಿನಾ ಅದನ್ನೇ ಹೇಳ್ತಾರಕ್ಕ, ಅದಕ್ಕೇ ಒಂದೇ ಸಲ ಬರೆದೆ."

"ಭಾನುವಾರ ಮನೀಗೆ ಬರ್ತೀನಿ. ಅವರು ಓಡಿಸೋದು ನಾನು ನೋಡಬೇಕು" ಎಂದರು.

ಭಾನುವಾರ ಹತ್ತು ಗಂಟೆಗೆ ಸ್ಕೂಟಿಯಲ್ಲಿ ಬಂದರು. ಕಾಲಿಡುವ ಜಾಗದಲ್ಲಿ ಹಳೆಯ ಮಾನಿಟರೊಂದನ್ನು ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡಿದ್ದರು. ಅಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಾಸ್ವೆಹಳ್ಳಿ ಮೋಟ್ರು ರುದ್ರಪ್ಪನ ಮಗಳಲ್ಲೇನು?" ಎಂದರು.

"ಹೌದು ಅಪ್ಪಾಜಿ. ಹೆಂಗೆ ಗುರ್ತು ಹಿಡಿದ್ರಿ?"

"ನಿಮ್ಮಪ್ಪ ಮೋಟ್ರು ತಂದು ನನ್ನ ಬಸ್ಸಿನ ಮೇಲೆ ಹಾಕೋನು. ನೀನು ತಂತಿ ಸುರುಳಿ ಬಳೆ ಹಾಕ್ಕಂಡಂಗೆ ಕೈಗೆ ಹಾಕ್ಕಂಡು ನನ್ನ ಹಿಂದಿನ ಸೀಟಿಗೆ ಕೂತ್ಕಂತಿದ್ದಿ. ಯಾಕೆ ಗೇರ್ ಹಾಕ್ತೀರಿ, ಈಗ ಯಾಕೆ ಹಾಕಲಿಲ್ಲ ಅಂತ ತಲಿ ತಿಂತಿದ್ದಿ."

ಹಾಲಮ್ಮನವರು ನಕ್ಕು ಅಪ್ಪನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಅಪ್ಪ ಬಸ್ಸು ಓಡಿಸುವಾಗ ಅರ್ಧ ಗಂಟೆ ಅವರ ಕಾಲು ಮತ್ತು ಪರದೆಯನ್ನು ಮಾತ್ರ ನೋಡಿದರು. ಅಪ್ಪನ ಕಣ್ಣು ಮಬ್ಬಾಗಿದೆ ಎಂದು ಕೆಲವು ದಿನಗಳ ಹಿಂದೆ ನಾನು ಮಾನಿಟರಿನ ಬದಲು ದೊಡ್ಡ ಟಿವಿಯನ್ನೇ ಜೋಡಿಸಿದ್ದೆ. ಹಾಲಮ್ಮನವರು ಎದ್ದು ಟಿವಿಯ ವೈರ್ ಕಿತ್ತು, ತಾವು ತಂದಿದ್ದ ಹಳೆಯ ಮಾನಿಟರಿಗೆ ಸಿಕ್ಕಿಸಿದರು.

"ಈಗ ಓಡಿಸ್ರಿ ಅಪ್ಪಾಜಿ."

ಅಪ್ಪ ಬಸ್ಸು ಹೊರಡಿಸಿದರು. ತಿರುವಿನಲ್ಲಿ ಬ್ರೇಕ್ ಒತ್ತಿದರು. ಮತ್ತೊಮ್ಮೆ ಒತ್ತಿದರು. ನನ್ನ ಕಡೆ ತಿರುಗಿ, "ಹಿಡಿತು ನೋಡು" ಎಂದರು.

ಟಿವಿಗಳು ಚಿತ್ರವನ್ನು ಚೆಂದ ಮಾಡಿ ತೋರಿಸಲು ಒಂದು ಗಳಿಗೆ ತೆಗೆದುಕೊಳ್ಳುತ್ತವೆ, ಧಾರಾವಾಹಿ ನೋಡುವವರಿಗೆ ಅದು ತಿಳಿಯುವುದಿಲ್ಲ, ಬ್ರೇಕ್ ಒತ್ತುವವರಿಗೆ ತಿಳಿಯುತ್ತದೆ ಎಂದು ಹಾಲಮ್ಮನವರು ವಿವರಿಸಿದರು. ಆಮೇಲೆ ಅಂಗಳಕ್ಕೆ ಬಂದು, ಅಪ್ಪನಿಗೆ ಕೇಳದಂತೆ ನನಗೆ ಹೇಳಿದರು:

"ಅಪ್ಪಾಜಿಗೆ ಈ ಮಷೀನು ಸಾಕು ಮೇಷ್ಟ್ರೇ. ಸಾಲದೇ ಇರೋದು ನಿಮಗೆ. ಬೇಕು ಅಂದ್ರೆ ನಂಗೆ ಬೇಕು ಅಂತ ಹೇಳ್ರಿ. ಅವರ ಹೆಸರು ಯಾಕೆ ಹೇಳ್ತೀರಿ?"

ಸುಳ್ಳು ಹೇಳಿ ಸಿಕ್ಕಿಬಿದ್ದ ಎಂಟನೆಯ ತರಗತಿಯವರು ನನ್ನ ಮುಂದೆ ಹೇಗೆ ನೆಲ ನೋಡುತ್ತಾರೋ ಹಾಗೆ ನೆಲ ನೋಡಿದೆ. "ಏನೂ ಬೇಡಕ್ಕ, ಇರೋದೇ ಇರಲಿ" ಎಂದೆ.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಯಿರುತ್ತಿತ್ತು. ಆದರೆ ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. ಮೂರು ದಿನ ಬಿಟ್ಟು ಫೋನ್ ಮಾಡಿದರು. "ಮೇಷ್ಟ್ರೇ, ಆಸೆ ಪಡೋದೇನು ತಪ್ಪಲ್ಲ ಬಿಡ್ರಿ. ದಾವಣಗೆರ್ಯಾಗೆ ಒಂದು ಗೇಮ್ ಸೆಂಟರ್ ಮುಚ್ಚಿದ್ರು, ಅಲ್ಲಿಂದ ಒಂದು ಒಳ್ಳೇ ಗ್ರಾಫಿಕ್ಸ್ ಕಾರ್ಡ್ ತಂದಿದೀನಿ. ನಿಮ್ಮ ಹಳೇ ಮಷೀನಿಗೇ ಹಾಕಾಣ. ನಿಮ್ಮ ಆಟಾನೂ ನಡಿತೈತೆ." ನಾನು ಬೇಡವೆನ್ನಲಿಲ್ಲ. ಸಂಜೆಯೇ ಬಂದು ಹಾಕಿದರು. ಕಂಪ್ಯೂಟರಿಗೆಲ್ಲ ಕರೆಂಟು ಹಂಚುವ ಡಬ್ಬಿಯೊಂದು ಒಳಗಿರುತ್ತದೆ. ಅದೂ ಎಂಟು ವರ್ಷ ಹಳೆಯದೇ. ಹೊಸ ಕಾರ್ಡು ಹಸಿದ ಕಾರ್ಡು, ಹೆಚ್ಚು ಕರೆಂಟು ತಿನ್ನುತ್ತದೆ. ಹಾಲಮ್ಮನವರು ಆ ಡಬ್ಬಿಯ ಮೇಲೆ ಕೈಯಿಟ್ಟು ನೋಡಿದರು. "ಇದನ್ನೂ ಬದ್ಲಿಸ್ಬೇಕು ಅಂದ್ರೆ ಒಳಗಿನ ಮದರ್‌ಬೋರ್ಡೂ ಹಳೇದಾತು ಅನ್ಸುತ್ತೆ, ಎಲ್ಲಾ ಶುರುವಾಗ್ತೈತೆ. ತಡಕಂತೈತೆ ಬಿಡ್ರಿ" ಎಂದು ಮುಚ್ಚಳ ಹಾಕಿದರು. ಅವರು ತಮ್ಮ ಸೂತ್ರವನ್ನು ತಾವೇ ಮೀರುತ್ತಿದ್ದಾರೆ ಎಂದು ನನಗೆ ಹೊಳೆಯಿತು. ಆದರೆ ಆಟ ಆಡುವ ಆತುರ ನನಗೆ. ಸುಮ್ಮನಿದ್ದೆ.

ಮೂರು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ದಸರಾ ರಜೆಯ ಒಂದು ಮಧ್ಯಾಹ್ನ ನಾನು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದೆ. ಒಳಗಿನಿಂದ ಅಪ್ಪನ ಕೂಗು ಕೇಳಿಸಿತು.

"ಇಳೀರಿ! ಎಲ್ಲಾ ಇಳೀರಿ!"

ಓಡಿಹೋದೆ. ಕೋಣೆಯ ತುಂಬ ಹೊಗೆ. ಕಂಪ್ಯೂಟರಿನ ಹಿಂಭಾಗದಿಂದ ಬರುತ್ತಿತ್ತು. ಅಪ್ಪ ಕುರ್ಚಿಯಿಂದೆದ್ದು ಬಲಗೈಯಲ್ಲಿ ಮೇಜನ್ನು ಹಿಡಿದು ನಿಂತಿದ್ದರು. ಪ್ಲಗ್ಗು ಗೋಡೆಯಿಂದ ಕಿತ್ತು ಬಂದು ಅವರ ಎಡಗೈಯಲ್ಲಿತ್ತು. ಬೆರಳುಗಳು ವೈರನ್ನು ಬಿಡುತ್ತಿರಲಿಲ್ಲ, ಒಂದೊಂದಾಗಿ ಬಿಡಿಸಿ ಅವರನ್ನು ಹೊರಗೆ ಕರೆತಂದು ಕೂರಿಸಿದೆ. ಮೊದಲು ಏನು ಮಾಡಿದಿರಿ ಎಂದು ಕೇಳಿದೆ. ಹೊಗೆಯ ವಾಸನೆ ಬಂದ ಕೂಡಲೇ ಇಂಡಿಕೇಟರ್ ಹಾಕಿ, ಬಸ್ಸನ್ನು ರಸ್ತೆಯ ಬದಿಗೆ ತಂದು, ಹ್ಯಾಂಡ್‌ಬ್ರೇಕ್ ಹಾಕಿದರಂತೆ. ಆಮೇಲೆ ಪ್ಲಗ್ಗು. ಅದು ಬಲಗೈಗೆ ಎಟುಕುವಂತಿರಲಿಲ್ಲ. ಎಡಗೈ ಯಾವಾಗ ಚಾಚಿತೆಂದು ಅವರಿಗೂ ನೆನಪಿರಲಿಲ್ಲ.

ಹಾಲಮ್ಮನವರು ಬಂದು ಮಷೀನನ್ನು ಅಂಗಳಕ್ಕೆ ತಂದು ಬಿಚ್ಚಿದರು. ಕರೆಂಟಿನ ಡಬ್ಬಿ ಸುಟ್ಟಿತ್ತು. ಹೋಗುವಾಗ ಬೋರ್ಡನ್ನೂ ಹೊಸ ಕಾರ್ಡನ್ನೂ ಜೊತೆಗೆ ಒಯ್ದಿತ್ತು. ಅವರು ಕಪ್ಪಾದ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಮಸಿ ಒರೆಸಿದರು. ನಾನು ಸಮಾಧಾನ ಹೇಳಲು ಹೋದೆ: "ಹಳೇದಲ್ವೇನಕ್ಕ, ಇವತ್ತಲ್ಲ ನಾಳೆ ಹೋಗ್ತಿತ್ತು."

"ಹಂಗನ್ನಬ್ಯಾಡ್ರಿ. ತಪ್ಪು ನಂದು" ಎಂದರು. "ಡಬ್ಬಿ ಮುಟ್ಟಿದಾಗ್ಲೇ ನಂಗೆ ಗೊತ್ತಿತ್ತು. ಹಳೇದನ್ನ ಉಳಿಸಬೇಕು ಅನ್ನೋ ಚಟ. ಉಳಿಸ್ದೆ ಅಂತ ಹೇಳ್ಕಳೋ ಚಟ ಅದು." ಆಮೇಲೆ ಎದ್ದು ಅಪ್ಪನ ಮುಂದೆ ಹೋಗಿ ನಿಂತರು. "ಅಪ್ಪಾಜಿ, ನೀವಿದ್ದ ಕೋಣ್ಯಾಗೆ ಬೆಂಕಿ ಇಟ್ಟಂಗೆ ಆತು. ಬೈರಿ ನನ್ನ."

ಅಪ್ಪ ಬೈಯಲಿಲ್ಲ. "ಮೂವತ್ತು ವರ್ಷದಾಗೆ ನಾನೂ ಎರಡು ಸಲ ರೇಡಿಯೇಟರ್‌ಗೆ ನೀರು ನೋಡದೆ ಹೊರಟಿದ್ದೆ ಕಣವ್ವ. ಎರಡು ಸಲಾನೂ ಮಾಲೀಕ್ರಿಗೆ ಕ್ಲೀನರ್ ಮ್ಯಾಲೆ ಹೇಳಿದ್ದೆ" ಎಂದರು. ಈ ವಿಷಯ ನನಗೂ ಅಂದೇ ಗೊತ್ತಾದದ್ದು.

ಹೊಸದು ಕಟ್ಟಲೇಬೇಕಾಯಿತು. ಹಾಲಮ್ಮನವರು ಪಟ್ಟಿ ಮಾಡಿದರು. ನನ್ನ ಹಿಂದಿನ ಪಟ್ಟಿಗಿಂತ ಅದು ಚಿಕ್ಕದಾಗಿತ್ತು, ಆದರೆ ಕರೆಂಟಿನ ಡಬ್ಬಿ ಮಾತ್ರ ನಾನು ಬರೆದದ್ದಕ್ಕಿಂತ ಒಳ್ಳೆಯದು. ಸುಟ್ಟ ಕಾರ್ಡಿಗೆ ಬದಲಾಗಿ ತಮ್ಮ ಅಂಗಡಿಯಲ್ಲಿದ್ದ ಇನ್ನೊಂದನ್ನು ತಾವೇ ತಂದರು, ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಸಾಮಾನುಗಳೆಲ್ಲ ಬಂದ ಮೇಲೆ ಅಂಗಡಿಗೆ ಒಯ್ಯದೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿದರು. ಸ್ಕ್ರೂಗಳನ್ನು ಒಂದು ಸ್ಟೀಲ್ ತಟ್ಟೆಗೆ ಸುರಿದು, ಅಪ್ಪನ ಎಡಗಡೆಗೆ ಇಟ್ಟರು.

"ನಾನು ಕೇಳಿದಂಗೆ ಒಂದೊಂದೇ ಕೊಡ್ರಿ ಅಪ್ಪಾಜಿ. ಆ ಕೈಯಾಗೇ ಕೊಡಬೇಕು."

"ಈ ಕೈಗೆ ಬೆರಳೇ ಕೂಡಲ್ಲ, ಸ್ಕ್ರೂ ಎಲ್ಲಿ ಹಿಡೀಲಿ?"

"ಅರ್ಜೆಂಟ್ ಏನೈತೆ? ನಂಗೇನು ಬಸ್ ಹಿಡಿಯಾದು ಐತಾ?"

ಮೊದಲ ದಿನ ಎರಡು ಗಂಟೆಯಲ್ಲಿ ನಾಲ್ಕು ಸ್ಕ್ರೂ. ಅಪ್ಪ ಹಿಡಿದದ್ದು ಜಾರುತ್ತಿತ್ತು, ನೆಲಕ್ಕೆ ಬೀಳುತ್ತಿತ್ತು. ನಾನು ಹೆಕ್ಕಿಕೊಡಲು ಹೋದರೆ ಹಾಲಮ್ಮನವರು ಕಣ್ಣಲ್ಲೇ ತಡೆಯುತ್ತಿದ್ದರು. ತಾವು ಸ್ಕ್ರೂಡ್ರೈವರ್ ಹಿಡಿದು, ಬೋರ್ಡಿನ ಮೇಲೆ ಕೈಯಿಟ್ಟು, ತಾಲ್ಲೂಕಿನ ಯಾರ ಬಾವಿಯಲ್ಲಿ ಯಾವ ಮೋಟಾರಿತ್ತು ಎಂದು ಅಪ್ಪನ ಜೊತೆ ಮಾತಾಡುತ್ತಾ ಕಾಯುತ್ತಿದ್ದರು. ಅಂಗಡಿ ಬಾಗಿಲು ಹಾಕಿ ನಾಲ್ಕು ಮಧ್ಯಾಹ್ನ ಬಂದರು. ಬಲ್ಲವರಿಗೆ ಅದು ಒಂದೂವರೆ ಗಂಟೆಯ ಕೆಲಸ. ನಾಲ್ಕನೆಯ ದಿನ ಅಪ್ಪ ಕೊನೆಯ ಸ್ಕ್ರೂವನ್ನು ಎರಡು ಬೆರಳಲ್ಲಿ ಎತ್ತಿ, ಅವರ ಅಂಗೈ ಮೇಲಿಟ್ಟು, "ತಗಾ, ಆತು" ಎಂದರು. ಆ ಕೈ ಪೂರ್ತಿ ಸರಿಯಾಯಿತು ಎಂದೇನೂ ಇಲ್ಲ. ಆದರೆ ಅಂದಿನಿಂದ ಅಂಗಿಯ ಗುಂಡಿಯನ್ನು ಅಪ್ಪ ತಾವೇ ಹಾಕಿಕೊಳ್ಳುತ್ತಾರೆ. ಹೊತ್ತು ಹಿಡಿಯುತ್ತದೆ, ನಾವು ಕಾಯುತ್ತೇವೆ.

ಅದಾಗಿ ಎರಡು ವರ್ಷಕ್ಕೆ ಹಾಲಮ್ಮನವರು ಚನ್ನಗಿರಿ ಬಿಟ್ಟರು. ಚಂದ್ರಪ್ಪನವರ ಊರು ಜಗಳೂರು. ಅಲ್ಲಿ ಹೆಂಗಸರಿಗೆ ಕೆಲಸ ಕಲಿಸುವ ಒಂದು ಕೇಂದ್ರದವರು ಕಂಪ್ಯೂಟರ್ ರಿಪೇರಿ ಹೇಳಿಕೊಡಲು ಕರೆದಿದ್ದರು. ಚಂದ್ರಪ್ಪನವರಿಗೂ ಮಂಡಿಯ ಧೂಳಿಗೆ ಕೆಮ್ಮು ಹತ್ತಿತ್ತು. ಅಂಗಡಿಯ ಜಾಗವನ್ನು ಟೈಲರ್ ತೆಗೆದುಕೊಂಡು ತನ್ನದನ್ನು ದೊಡ್ಡದು ಮಾಡಿದ.

ಕಳೆದ ವರ್ಷ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಜಗಳೂರಿಗೆ ಹಾಕಿದರು. ಕೆಲಸ ಮುಗಿಸಿ ಮಧ್ಯಾಹ್ನ ಅವರ ಕೇಂದ್ರವನ್ನು ಹುಡುಕಿಕೊಂಡು ಹೋದೆ. ಉದ್ದನೆಯ ಕೋಣೆ, ಒಂಬತ್ತು ಮಂದಿ ಹೆಂಗಸರು, ಒಬ್ಬೊಬ್ಬರ ಮುಂದೆ ಬಾಯ್ತೆರೆದ ಒಂದೊಂದು ಮಷೀನು. ಹಾಲಮ್ಮನವರು ಸೊರಗಿದ್ದರು, ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಮುಖ ಅರಳಿತು. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಹೇಳಿದರು:

"ಇವರೇ ನೋಡ್ರಿ ಚನ್ನಗಿರಿ ಮೇಷ್ಟ್ರು. ನಾನು ಸುಟ್ಟ ಮಷೀನು ಇವರದೇ."

ಒಂಬತ್ತೂ ಜನ ನನ್ನನ್ನು ಬಹಳ ಪರಿಚಿತರಂತೆ ನೋಡಿದರು. ಅವರ ಮೊದಲ ಪಾಠವೇ ಅದಂತೆ. ಗೆದ್ದ ನೂರಾರು ಮಷೀನುಗಳ ಕಥೆ ಬಿಟ್ಟು ಇದನ್ನೇ ಹೇಳಿ ಶುರುಮಾಡುತ್ತಿದ್ದರಂತೆ. ಇಪ್ಪತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಹಲಗೆಯ ಮೇಲೆ ತಪ್ಪು ಲೆಕ್ಕ ಮಾಡಿದಾಗಲೆಲ್ಲ ನಾನು "ಯಾರು ಕಂಡುಹಿಡೀತೀರಿ ಅಂತ ನೋಡಿದೆ" ಎಂದು ಜಾರಿಕೊಂಡವನು. ಆ ಕೋಣೆಯಲ್ಲಿ ನಿಂತು ಏನೋ ಧೈರ್ಯ ಬಂದು, "ತಪ್ಪು ಅವರೊಬ್ಬರದೇ ಅಲ್ಲ" ಎಂದೆ. ಅಪ್ಪನ ಹೆಸರು ಹೇಳಿ ನನಗೆ ಬೇಕಾದದ್ದನ್ನು ಕೇಳಲು ಹೋದದ್ದು, ಸೂತ್ರ ಗೊತ್ತಿದ್ದೂ ಆಸೆಗೆ ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದೆ. ಬಂದೂಕಿನ ಆಟವನ್ನೂ ಮುಚ್ಚಿಡಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗಂಗಮ್ಮ ಎನ್ನುವ, ಎರಡು ಮಕ್ಕಳ ತಾಯಿ, "ನಿಮ್ಮಪ್ಪಾರು ಈಗ್ಲೂ ಓಡಿಸ್ತಾರೇನ್ರೀ ಸರ್?" ಎಂದು ಕೇಳಿದರು. ಓಡಿಸುತ್ತಾರೆ, ದಿನಕ್ಕೆ ಎರಡು ಟ್ರಿಪ್, ಭಾನುವಾರ ರಜೆ ಎಂದೆ.

ಬಸ್ ನಿಲ್ದಾಣದವರೆಗೆ ಹಾಲಮ್ಮನವರು ಜೊತೆಗೆ ಬಂದರು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಏನಾಗಿದೆ ಎಂದು ಕೇಳಿದರೆ, "ಸಕ್ಕರೆ ಐತೆ, ವಯಸ್ಸೂ ಐತೆ" ಎಂದು ತೇಲಿಸಿದರು. ಅವರಿಗೆ ಬೇರೆ ಮಾತು ಬೇಕಿತ್ತು. "ಮೇಷ್ಟ್ರೇ, ನಿಮ್ಮ ಸ್ಕೂಲಾಗೆ ಕೆಟ್ಟ ಕಂಪ್ಯೂಟರ್ ಇರ್ತಾವಲ್ಲ, ಗುಜರಿಗೆ ಹಾಕಬ್ಯಾಡ್ರಿ, ಇಲ್ಲಿಗೆ ಕಳಿಸ್ರಿ. ಇವರಿಗೆ ಬಿಚ್ಚಾಕೆ ಸಾಲ್ತಾ ಇಲ್ಲ. ಒಂದೇ ಮಷೀನು ಹತ್ತು ಸಲ ಬಿಚ್ಚಿ ಮುಚ್ಚಿ, ಅದರ ರೋಗ ಎಲ್ಲರಿಗೂ ಬಾಯಿಪಾಠ ಆಗೈತೆ." ಕಳಿಸುತ್ತೇನೆ ಎಂದೆ. ಬಸ್ಸು ಬಂತು. "ಅಪ್ಪಾಜೀನ ಕೇಳ್ದೆ ಅಂತ ಹೇಳ್ರಿ" ಎಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಶಾಲೆಯಲ್ಲಿ ಆರು ಮಷೀನುಗಳು ಮೂಲೆ ಸೇರಿದ್ದವು. ಆಡಳಿತ ಮಂಡಳಿಯ ಒಪ್ಪಿಗೆ ಬೇಕು, ಸಭೆ ಸೇರಬೇಕು, ಸಭೆ ಮುಂದೆ ಹೋಯಿತು, ನಾನೂ ಬೆನ್ನು ಹತ್ತಲಿಲ್ಲ. ಎರಡೂವರೆ ತಿಂಗಳಾದ ಮೇಲೆ ಒಂದು ಟೆಂಪೊದಲ್ಲಿ ಹಾಕಿ ಕಳಿಸಿದೆ. ತಲುಪಿದೆಯೆಂದು ಫೋನ್ ಬಂತು, ಮಾತಾಡಿದವರು ಗಂಗಮ್ಮ.

"ಮಷೀನು ಬಂದ್ವು ಸರ್. ಅಕ್ಕ ಇಲ್ಲ ಸರ್. ಎದಿನೋವು ಅಂತ ದಾವಣಗೆರೆಗೆ ಕರ್ಕಂಡು ಹೋಗಿದ್ರು. ಅಲ್ಲೇ ಹೋಗಿಬಿಟ್ರು. ಹನ್ನೆರಡು ದಿನ ಆತು."

ಅಪ್ಪನಿಗೆ ಹೇಳಿದೆ. ಅವರು ಅಂದು ಬಸ್ಸು ತೆಗೆಯಲಿಲ್ಲ. ಮರುದಿನವೂ ತೆಗೆಯಲಿಲ್ಲ. ನಾನು ಜಗಳೂರಿಗೆ ಹೋಗಿ ಚಂದ್ರಪ್ಪನವರನ್ನು ಕಂಡು ಬಂದೆ. ಎರಡೂವರೆ ತಿಂಗಳು ತಡ ಮಾಡಿದ್ದನ್ನು ಅವರಿಗೆ ಹೇಳಿದೆ. "ಇರ್ಲಿ ಬಿಡ್ರಿ, ಬಂದ್ವಲ್ಲ" ಎಂದರು.

ಒಂದು ತಿಂಗಳ ನಂತರ ಗಂಗಮ್ಮ ಮತ್ತೆ ಫೋನ್ ಮಾಡಿದರು. ಕೇಂದ್ರದವರು ಬೇರೆ ಯಾರನ್ನೂ ಹಾಕಿಲ್ಲವಂತೆ. ಒಂಬತ್ತು ಜನರಲ್ಲಿ ನಾಲ್ವರು ತಾವೇ ಬಂದು ಬಾಗಿಲು ತೆಗೆಸಿ ಕೂರುತ್ತಾರಂತೆ. ನಾನು ಕಳಿಸಿದ ಮಷೀನುಗಳ ವಿಷಯ ಹೇಳಲು ಫೋನ್ ಮಾಡಿದ್ದರು.

"ಆರರಾಗೆ ಎರಡು ನಡೀತಾ ಅದಾವೆ ಸರ್" ಎಂದರು. "ಉಳಿದ ನಾಲ್ಕು ನಡಿಯಲ್ಲ. ಯಾಕೆ ನಡಿಯಲ್ಲ ಅಂತ ಗೊತ್ತಾಗೈತೆ."